ಬಾಲ್ಕನಿಯ ಒಲೆ, ಕರುವಿನ ಸೀರಮ್

ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ರಕ್ತ ಕೇಳಿದರು. ಜರ್ಮನಿಯ ಆ ಊರಿನಲ್ಲಿ ಬಿಸಿನೀರಿನ ನಲ್ಲಿ ಎತ್ತ ತಿರುಗಿಸಬೇಕೆಂದೇ ನನಗಿನ್ನೂ ತಿಳಿದಿರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಕೈಕುಲುಕಿ, ಕುರ್ಚಿ ತೋರಿಸಿ, ಅಂಗಿಯ ತೋಳು ಮಡಚಲು ಹೇಳಿದರು. ಇಲ್ಲಿ ಎಲ್ಲರೂ ಸರದಿಯಂತೆ ಕೊಡುತ್ತಾರೆ, ಮನಸ್ಸಿಲ್ಲದಿದ್ದರೆ ಬೇಡ ಎಂದೂ ಸೇರಿಸಿದರು. ನಮ್ಮೂರಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ ಕೊಡುತ್ತೇವೆ. ಇಲ್ಲಿ ಬಂದವನಿಂದಲೇ ವಸೂಲಿ ಎಂದು ನಗು ಬಂತು. ಆದರೂ ಖುಷಿಯಿಂದಲೇ ತೋಳು ಚಾಚಿದೆ.

ಖುಷಿಗೆ ಕಾರಣವಿತ್ತು. ನಾನು ವೇಣೂರಿನ ಜೈನರ ಮನೆಯವನು. ಮೂಡಬಿದಿರೆಯಲ್ಲಿ ಕಾಲೇಜು ಮುಗಿಸಿ, ಮುಂದೆ ಓದಿ, ಸಂಶೋಧನೆಗೆಂದು ಹೊರಟಾಗ ಅಮ್ಮ ಒಂದೇ ಒಂದು ಮಾತು ತೆಗೆದುಕೊಂಡಿದ್ದರು: "ನಿನ್ನ ಕೈಯಿಂದ ಒಂದು ಜೀವವೂ ಹೋಗಬಾರದು ಮಗ. ಉಳಿದದ್ದು ನಿನಗೆ ಬಿಟ್ಟದ್ದು." ರೋಗನಿರೋಧದ ವಿಷಯ ಹಿಡಿದವರು ಇಲಿ ಕೊಲ್ಲದೆ ಪದವಿ ಪಡೆಯುವುದು ಕಷ್ಟ. ಇಲ್ಲಿ ಮಾತ್ರ ಮನುಷ್ಯರ ರಕ್ತದಲ್ಲೇ ಎಲ್ಲ ಕೆಲಸ ಎಂದು ತಿಳಿದು ಈ ಜಾಗವನ್ನು ಹುಡುಕಿಕೊಂಡು ಬಂದಿದ್ದೆ.

ನಮ್ಮ ರಕ್ತದಲ್ಲಿ ಮೊನೊಸೈಟ್ ಎಂಬ ಬಿಳಿ ಕೋಶಗಳಿವೆ. ದೇಹದಲ್ಲಿ ಎಲ್ಲಾದರೂ ಗಾಯವೋ ಸೋಂಕೋ ಆದರೆ ಅವು ರಕ್ತನಾಳ ಬಿಟ್ಟು ಅಲ್ಲಿಗೆ ವಲಸೆ ಹೋಗುತ್ತವೆ. ಹೋದ ಜಾಗದಲ್ಲಿ ಅವುಗಳಲ್ಲಿ ಕೆಲವು ರೂಪ ಬದಲಿಸಿ, ಮೈತುಂಬ ಕವಲೊಡೆದ ಡೆಂಡ್ರಿಟಿಕ್ ಕೋಶಗಳಾಗುತ್ತವೆ. ಸುತ್ತ ಸಿಕ್ಕಿದ್ದನ್ನು ನುಂಗಿ, ಚೂರು ಮಾಡಿ, ಆ ಚೂರುಗಳನ್ನು ಮೈಮೇಲೆ ಹೊತ್ತು ದುಗ್ಧರಸ ಗ್ರಂಥಿಗೆ ಒಯ್ದು ಅಲ್ಲಿನ ಟಿ ಕೋಶಗಳಿಗೆ ತೋರಿಸುತ್ತವೆ. ಅಪಾಯದ ಸುಳಿವಿನ ಜೊತೆ ತೋರಿಸಿದರೆ ಟಿ ಕೋಶಗಳು ಹತ್ತಾಗಿ ನೂರಾಗಿ ಹೋರಾಟಕ್ಕೆ ಹೊರಡುತ್ತವೆ. ಗಲಾಟೆಯಿಲ್ಲದೆ ತೋರಿಸಿದರೆ ಅದನ್ನು ಸಹಿಸಿಕೊಳ್ಳಲು ಕಲಿಯುತ್ತವೆ. ಇದನ್ನೆಲ್ಲ ನಾವು ಪ್ಲಾಸ್ಟಿಕ್ ತಟ್ಟೆಯಲ್ಲಿ ಮಾಡಿ ನೋಡುತ್ತಿದ್ದೆವು. ರಕ್ತದಿಂದ ಮೊನೊಸೈಟ್ ಬೇರ್ಪಡಿಸಿ, ಎರಡು ಪ್ರೋಟೀನು ಹಾಕಿ, ಸೀರಮ್ ಎಂಬ ಜೇನುಬಣ್ಣದ ದ್ರವ ಬೆರೆಸಿ ಒಂದು ವಾರ ಬೆಚ್ಚಗಿಟ್ಟರೆ ಕವಲು ಮೂಡುತ್ತಿತ್ತು. ಆಮೇಲೆ ಅದೇ ರಕ್ತದ ಟಿ ಕೋಶಗಳನ್ನು ಜೊತೆಗೆ ಬಿಡುತ್ತಿದ್ದೆವು.

ವಸತಿಯ ಚಿಂತೆ ತಪ್ಪಿಸಿದವನು ಬಂಟ್ವಾಳದ ರಫೀಕ್. ಬ್ಯಾರಿ ವ್ಯಾಪಾರಿಗಳ ಮನೆಯ ಹುಡುಗ; ಅವನ ಅಣ್ಣಂದಿರೆಲ್ಲ ಗಲ್ಫಿಗೆ ಹೋದರೆ ಇವನು ಓದಿಕೊಂಡು ಇತ್ತ ಬಂದಿದ್ದ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಇಲಿಗಳ ವಿಭಾಗ ಅವನದು. ಇಲ್ಲಿ ಮನೆಗೆ 'ಕಾಲ್ಟ್‌ಮೀಟೆ' ಎಂದು ಬಾಡಿಗೆ ಹೇಳುತ್ತಾರೆ, ತಣ್ಣನೆಯ ಬಾಡಿಗೆ ಎಂದು ಅರ್ಥ. ಮನೆ ಬೆಚ್ಚಗಿರಬೇಕಾದರೆ ಬೇರೆ ಕೊಡಬೇಕು. ಅದನ್ನು ಕೇಳಿ ನಾನು ಕಂಗಾಲಾಗಿದ್ದಾಗ ಅವನು ತುಳುವಿನಲ್ಲಿ ಮಾತಾಡಿಸಿ ಬೆನ್ನು ತಟ್ಟಿದ. ನಾವಿಬ್ಬರು ಆಡುತ್ತಿದ್ದದ್ದು ತುಳುವೇ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. "ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಉಂಟು. ಹೋಗುವ," ಎಂದ.

ಅವನ ಮನೆಗೆ ಹೋಗಿ ನಾನು ಷರತ್ತು ಹಾಕಿದೆ. ಅಡುಗೆಮನೆಯಲ್ಲಿ ಮೀನು, ಮಾಂಸ ಬೇಯಬಾರದು. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅವನು ಒಂದು ಕ್ಷಣ ನನ್ನನ್ನು ನೋಡಿ, "ಆಯಿತು ಮಾರಾಯ, ನಾನು ಹೊರಗೆ ಮಾಡ್ತೇನೆ," ಎಂದ. ಒಂದು ಕರೆಂಟಿನ ಒಲೆ ತಂದು ಬಾಲ್ಕನಿಯಲ್ಲಿಟ್ಟ. ಬಂಗುಡೆ ಸಿಗದ ಊರಿನಲ್ಲಿ ಸಿಕ್ಕಿದ ಮೀನಿಗೆ ಮಸಾಲೆ ಅರೆದು, ದಪ್ಪ ಕೋಟು ಹಾಕಿಕೊಂಡು ಹುರಿಯುತ್ತಿದ್ದ. ನಾನು ಗಾಜಿನ ಬಾಗಿಲು ಎಳೆದುಕೊಂಡು ಒಳಗೆ ತಿಳಿಸಾರು ಉಣ್ಣುತ್ತಿದ್ದೆ.

ಹಾಗೆಂದು ನಾವು ದೂರವಿರಲಿಲ್ಲ. ಮನೆಯ ರೂಢಿಯಂತೆ ನಾನು ಹೊತ್ತು ಮುಳುಗುವ ಮೊದಲು ಉಣ್ಣುವವನು. ಊರಲ್ಲಿ ಅದು ಕಷ್ಟವಿಲ್ಲ. ಇಲ್ಲಿ ಚಳಿಗಾಲದಲ್ಲಿ ಸಂಜೆ ಚಹಾದ ಹೊತ್ತಿಗೇ ಸೂರ್ಯ ಮಾಯ. ಆ ವರ್ಷ ರಂಜಾನ್ ಕೂಡ ಚಳಿಗಾಲದಲ್ಲೇ ಬಂತು. ಒಂದೇ ಸೂರ್ಯನನ್ನು ನೋಡಿಕೊಂಡು ನಾನು ಗಬಗಬ ಮುಗಿಸಬೇಕು, ಅವನು ಖರ್ಜೂರ ಹಿಡಿದು ಕಾಯಬೇಕು. "ಬೇಗ ತಿಂದು ಏಳು ಮಾರಾಯ, ನನ್ನ ಪಾಳಿ ಬಂತು," ಎನ್ನುತ್ತಿದ್ದ.

ಭಾನುವಾರ ಅಮ್ಮನಿಗೆ ಫೋನು. ಮಗ ತನ್ನದೇ ರಕ್ತ ಕೊಟ್ಟು ವಿದ್ಯೆ ಕಲಿಯುತ್ತಾನೆ, ಇರುವೆಗೂ ನೋವು ಮಾಡುವುದಿಲ್ಲ ಎಂದು ಬಸದಿಗೆ ಬಂದವರಿಗೆಲ್ಲ ಹೇಳುತ್ತೇನೆ ಎನ್ನುತ್ತಿದ್ದರು. ನಾನು ಬೇಡ ಎನ್ನಲಿಲ್ಲ. ಸಂಜೆ ಕೈ ತೊಳೆದು ನೆಲಮಾಳಿಗೆಯಿಂದ ಮೇಲೆ ಬರುವ ರಫೀಕನನ್ನು ಕಂಡರೆ, ಪಾಪ ಇವನ ಕೆಲಸ ಎಂಥದ್ದು ಎಂದು ಮನಸ್ಸಿನಲ್ಲೇ ಮರುಗುತ್ತಿದ್ದೆ.

ಎರಡನೆಯ ವರ್ಷ ನನ್ನ ಪ್ರಯೋಗ ಕೈಕೊಟ್ಟಿತು. ಯಾವ ಸೋಂಕಿನ ಚೂರನ್ನೂ ಹಾಕದೆ ಹೋಲಿಕೆಗೆಂದು ಇಟ್ಟ ತಟ್ಟೆ ಸುಮ್ಮನಿರಬೇಕು. ಅದರಲ್ಲೂ ಟಿ ಕೋಶಗಳು ಕೆರಳಿ ಹೆಚ್ಚುತ್ತಿದ್ದವು. ಬಾಟಲಿ ಬದಲಿಸಿದೆ, ರಕ್ತ ಕೊಡುವವರನ್ನು ಬದಲಿಸಿದೆ, ಸರಿಹೋಗಲಿಲ್ಲ. ಕೊನೆಗೆ ಮುಖ್ಯಸ್ಥೆ ಪಕ್ಕದಲ್ಲಿ ಕುಳಿತು ಕೇಳಿದರು.

"ಈ ಡೆಂಡ್ರಿಟಿಕ್ ಕೋಶಗಳನ್ನು ಯಾವುದರಲ್ಲಿ ಬೆಳೆಸಿದೆ?"

"ಕರುವಿನ ಸೀರಮ್‌ನಲ್ಲಿ."

"ಹಾಗಾದರೆ ಅವು ಕರುವನ್ನೇ ತೋರಿಸುತ್ತಿವೆ. ಏನನ್ನು ನುಂಗಿದವೋ ಅದನ್ನೇ ತಾನೆ ಹೊತ್ತು ತರುವುದು?"

ಕರುವಿನದ್ದೆಂದು ನನಗೆ ಗೊತ್ತೇ ಇತ್ತು. ಸೀರಮ್ ತೆಗೆಯಲು ನನ್ನ ಹಾಗೆ ಕರುವೂ ಸ್ವಲ್ಪ ರಕ್ತ ಕೊಟ್ಟು ತಾಯಿಯ ಬಳಿಗೆ ಓಡುತ್ತದೆ ಎಂದುಕೊಂಡಿದ್ದೆ. ಓದಿದವನು ಇಷ್ಟು ದಡ್ಡನಾಗಿರಲು ಸಾಧ್ಯವೇ ಎಂದರೆ, ತನಗೆ ಬೇಕಾದಾಗ ಸಾಧ್ಯ. ಆ ದಿನ ಆ ರಕ್ತವನ್ನು ಹೇಗೆ ತೆಗೆಯುತ್ತಾರೆ ಎಂದು ಕೇಳಿದೆ. ಕಸಾಯಿಖಾನೆಗೆ ಬಂದ ಹಸು ಗಬ್ಬವಾಗಿದ್ದರೆ, ಹೊಟ್ಟೆಯೊಳಗಿನ ಕರುವಿನ ಹೃದಯದಿಂದ, ಎಂದರು ಅವರು ಸಹಜವಾಗಿ. ಇನ್ನು ಮುಂದೆ ರಕ್ತ ಕೊಟ್ಟವರದೇ ಪ್ಲಾಸ್ಮಾ ಬಳಸು, ತಟ್ಟೆ ಸುಮ್ಮನಾಗುತ್ತದೆ ಎಂದು ದಾರಿಯನ್ನೂ ತೋರಿಸಿದರು. ಹಾಗೇ ಆಯಿತು. ಎಲ್ಲರೂ ಕೈಕುಲುಕಿದರು, ನನಗೆ ತಲೆ ಎತ್ತಲಾಗಲಿಲ್ಲ.

ಕರುವಿನ ಸಂಗತಿ ತಿಳಿದ ಸಂಜೆ ಬಾಲ್ಕನಿಯ ಬಾಗಿಲು ತೆರೆದು ರಫೀಕನಿಗೆ ಎಲ್ಲ ಹೇಳಿದೆ. ಅವನು ಮೀನು ಮಗುಚುತ್ತಲೇ ಇದ್ದ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಕೆಳಗೆ ನಾವೂ ಅದನ್ನೇ ಬಳಸ್ತೇವೆ."

"ಹೇಳಬಹುದಿತ್ತಲ್ಲ?"

"ಹೇಳಿದರೆ ನೀನು ಊಟ ಬಿಡ್ತಿದ್ದೆ, ಇಲ್ಲದಿದ್ದರೆ ಕೆಲಸ ಬಿಡ್ತಿದ್ದೆ. ನಿನ್ನನ್ನು ನಂಬಿ ಮನೆಯಲ್ಲಿ ಜನ ಉಂಟು ಮಾರಾಯ."

ಭಾನುವಾರ ಅಮ್ಮನಿಗೂ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು, "ಇನ್ನು ನಾನು ಬಸದಿಯಲ್ಲಿ ಏನೂ ಹೇಳುವುದಿಲ್ಲ," ಎಂದರು. ಬಳಿಕ, "ಇದನ್ನು ನಿನಗೆ ಯಾರೂ ಮೊದಲೇ ಹೇಳಲಿಲ್ಲವಾ?" ಎಂದು ಕೇಳಿದರು. ರಫೀಕನ ಮಾತು ಹೇಳಿದೆ, ಒಲೆಯ ಸಂಗತಿಯೂ ಬಾಯಿಗೆ ಬಂತು.

"ಆ ಚಳಿಯಲ್ಲಿ ಹೊರಗೆ ನಿಂತು ಬೇಯಿಸುವುದಾ? ಮನೆ ಅವನದ್ದಲ್ಲವಾ?"

"ಹೌದಮ್ಮ."

"ಕರುವಿನದ್ದು ನಿನಗೆ ಗೊತ್ತಿರಲಿಲ್ಲ ಅಂತ ಇಟ್ಟುಕೊಳ್ಳುವ. ಇದು ಗೊತ್ತಿತ್ತಲ್ಲ?" ಎಂದರು.

ಅಂದೇ ಒಲೆಯನ್ನು ಎತ್ತಿ ಅಡುಗೆಮನೆಗೆ ತಂದಿಟ್ಟೆ. ರಫೀಕ್ ಬೇಡವೆಂದ, ನಾನು ಹಟ ಮಾಡಿದೆ. ಎಣ್ಣೆ ಕಾಯಿತು, ಮೀನು ಬಿತ್ತು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಇಬ್ಬರೂ ಒಂದೇ ಹೊತ್ತಿಗೆ ಒಂದೇ ಮೇಜಿಗೆ ಕುಳಿತೆವು. ಅಮ್ಮನ ಮುಂದೆ ನಾನು ಮೊದಲಿನ ಮಗನಾಗಿ ಉಳಿದಿರಲಿಲ್ಲ. ಇಲ್ಲಿಯವನಾದರೂ ಆಗುವ ಎಂದು ಕುಳಿತವನಿಗೆ ಆ ವಾಸನೆ ತಡೆಯಲಾಗಲಿಲ್ಲ. ನನ್ನ ಸಾರನ್ನದ ಒಂದೊಂದು ತುತ್ತನ್ನೂ ಉಸಿರು ಬಿಗಿಹಿಡಿದು ನುಂಗಿದೆ. ಮುಖದಲ್ಲಿ ಏನೂ ತೋರಿಸಬಾರದೆಂದು ತಟ್ಟೆಯನ್ನೇ ನೋಡುತ್ತಿದ್ದೆ.

ರಫೀಕ್ ಎದ್ದು ಹೋಗಿ ಕಿಟಕಿ ಪೂರ್ತಿ ತೆರೆದ. ಹೊರಗೆ ಹಿಮ ಬೀಳುತ್ತಿತ್ತು. ಕೋಟು ಹಾಕಿಕೊಂಡು ಬಂದು ಮತ್ತೆ ಊಟಕ್ಕೆ ಕುಳಿತ. ಕಿಟಕಿ ಹಾಕು ಎನ್ನಲು ನನಗೆ ಬಾಯಿ ಬರಲಿಲ್ಲ.