ಬಂದೇಸಾಬನ ಹೆಬ್ಬೆರಳು

೧೯೫೯ರಲ್ಲಿ ನಾನು ಹಿರೇಕೆರೂರಿನ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿಯಾಗಿ ಸೇರಿದ್ದೆ. ಹಮಾಲರು ಬೆನ್ನ ಮೇಲೆ ಹತ್ತಿ ತುಂಬಿದ ದೊಡ್ಡ ಅಂಡಿಗೆ ಹೊರುತ್ತಿದ್ದರು. ನಾನು ಕಿವಿಯ ಮೇಲೆ ಪೆನ್ಸಿಲ್ ಹೊರುತ್ತಿದ್ದೆ. ಆದರೂ ಬೆನ್ನುನೋವೆಂದು ಬಂದೇಸಾಬನ ಮುಂದೆ ಎಲ್ಲರಿಗಿಂತ ಮೊದಲು ಅಂಗಿ ಬಿಚ್ಚುತ್ತಿದ್ದವನು ನಾನೇ.

ಬಂದೇಸಾಬ ಸವಣೂರಿನ ಗರಡಿಯಲ್ಲಿ ಪೈಲವಾನರ ಮೈ ತಿಕ್ಕಿ ಪಳಗಿದವನು. ಗರಡಿ ಮುಚ್ಚಿದ ಮೇಲೆ ನಮ್ಮ ಪೇಟೆಗೆ ಬಂದು, ಸಂತೆಯ ಮರುದಿನ ಗೋದಾಮಿನ ಕಟ್ಟೆಯಲ್ಲಿ ಔಡಲೆಣ್ಣೆ ಬಿಸಿ ಮಾಡಿಕೊಂಡು ಕೂರುತ್ತಿದ್ದ. ನನ್ನ ಬೆನ್ನಿಗೆ ಎರಡು ಸಲ ಕೈಯಾಡಿಸಿ, "ಏಳ್ರಿ ದಿವಾನಜಿ, ನಿಮ್ದು ನೋವಲ್ಲ, ಬ್ಯಾಸರ. ಅದಕ್ಕ ಎಣ್ಣಿ ದಂಡ," ಎನ್ನುತ್ತಿದ್ದ. ಹಮಾಲರು ನಗುತ್ತಿದ್ದರು.

ಆ ಹಮಾಲರಲ್ಲಿ ಒಂದು ಕಟ್ಟುಪಾಡಿತ್ತು. ಬೆನ್ನು ಹಿಡಿದು ಮಲಗಿದವನು ಮತ್ತೆ ಹೊರಬೇಕಾದರೆ ಬಂದೇಸಾಬ ಅವನ ಬೆನ್ನೆಲುಬಿನ ಮೇಲೆ ಹೆಬ್ಬೆರಳಾಡಿಸಿ "ಹೊರಬಹುದು" ಅನ್ನಬೇಕು. ಅನ್ನದಿದ್ದರೆ ತಂಡದಲ್ಲಿ ಜಾಗವಿಲ್ಲ.

ಆ ವರ್ಷ ಹಮಾಲ ಗಿರಿಯಪ್ಪ ತಿಂಗಳು ಮಲಗಿ ಎದ್ದು ಬಂದ. ಬಂದೇಸಾಬನ ಹೆಬ್ಬೆರಳು ಅವನ ಸೊಂಟದ ಹತ್ತಿರ ಗಕ್ಕನೆ ನಿಂತಿತು.

"ಇಲ್ಲಿ ನೋಯ್ತೈತಿ?"

"ಇಲ್ಲ ಕಾಕಾ." ಹಣೆಯ ಮೇಲೆ ಬೆವರು.

"ಸುಳ್ಳ ಹೇಳಬ್ಯಾಡ."

"ಮನ್ಯಾಗ ಅನ್ನವ್ವಗ ದಿನ ತುಂಬ್ಯಾವ ಕಾಕಾ. ಹಂಗಿದ್ರೂ ಹತ್ತಿ ಬಿಡಸಾಕ ಹೋಗಾಕತ್ತಾಳ. ಹೇಣ್ತಿ ದುಡಿಯೋದನ್ನ ಗಂಡಸು ಮಲಕೊಂಡ ನೋಡಬೇಕೇನು?"

ಬಂದೇಸಾಬ ಕೈ ತೆಗೆಯಲಿಲ್ಲ. ಬೆನ್ನಿನ ದೊಡ್ಡ ಪಂಡಿತನಾದ ನಾನು ಬಾಯಿ ಹಾಕಿದೆ: "ಹೂಂ ಅನ್ರಿ ಬಂದೇಸಾಬ್ರ, ಗಾಡಿ ಸಾಲು ಹಚ್ಚಿ ನಿಂತಾವ!"

"ಹೊರಬಹುದು," ಎಂದು ಅವನು ಕೈ ಒರೆಸಿಕೊಂಡ.

ಮೂರನೆಯ ಅಂಡಿಗೆಗೆ ಗಿರಿಯಪ್ಪ ಕುಸಿದ. ಸೊಂಟದಿಂದ ಕೆಳಗಿನ ಮೈ ಅವನದಾಗಿ ಉಳಿಯಲಿಲ್ಲ.

ಬಂದೇಸಾಬ ಮತ್ತೆ ಕಟ್ಟೆಗೆ ಬರಲಿಲ್ಲ. ಗಿರಿಯಪ್ಪನ ಮನೆಗೆ ಮಾತ್ರ ದಿನಾ ಮುಂಜಾನೆ ಎಣ್ಣೆಯ ಬಟ್ಟಲು ಹಿಡಿದು ಹೋಗುತ್ತಾನೆ. ಆರು ವರ್ಷವಾಯಿತು. ನನ್ನ ಬೆನ್ನು ಈಗಲೂ ನೋಯುತ್ತದೆ, ಯಾರಿಗೂ ಹೇಳುವುದಿಲ್ಲ.

ಹೋದ ವಾರ ಧೈರ್ಯ ಮಾಡಿ ನಾನೂ ಹೋಗಿದ್ದೆ. ಅನ್ನವ್ವ ಹತ್ತಿ ಬಿಡಿಸಲು ಹೋಗಿದ್ದಳು. ಗಿರಿಯಪ್ಪ ಕಣ್ಣು ಮುಚ್ಚಿ ಮಲಗಿದ್ದ. ಬಂದೇಸಾಬ ಅವನ ಎಡಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದ.

"ಏನರ ತಿಳೀತೈತೇನೋ?"

"ತಿಳೀಲಾರದೇನ ಕಾಕಾ? ಬಲಗಾಲ ಭಾಳ ಹಗುರಾತು ನೋಡು."

ಹೆಬ್ಬೆರಳು ನಿಂತಿತು. ಬಂದೇಸಾಬ ನನ್ನ ಕಡೆ ನೋಡಲಿಲ್ಲ. ಎಡಗಾಲನ್ನು ಮೆಲ್ಲಗೆ ಚಾಪೆಗಿಳಿಸಿ, ಬಲಗಾಲನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ.