ಹಿತ್ತಿಲ ಕುಲುಮೆ

ಮೂರು ಭಾನುವಾರಗಳಿಂದ ನನ್ನ ಬಲಗೈ ಮೇಲೆ ಕೂದಲಿಲ್ಲ. ಒಂದು ಹುಬ್ಬು ಅರ್ಧ ಉಳಿದಿದೆ. ನಿವೃತ್ತ ವಿಜ್ಞಾನದ ಮೇಷ್ಟ್ರು ಹಿತ್ತಿಲಲ್ಲಿ ಅಲ್ಯೂಮಿನಿಯಂ ಕರಗಿಸಲು ಹೊರಟರೆ ಇಷ್ಟಾದರೂ ದಕ್ಷಿಣೆ ತೆರಬೇಕಾಗುತ್ತದೆ.

ಹವ್ಯಾಸಕ್ಕೆ ಮಾಡಿದ್ದಲ್ಲ, ನಂಬಿ. ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿ ಗಿರಿಜೆಯ ವಿದ್ಯುತ್ ಮಗ್ಗವಿದೆ. ತವರಿನಿಂದ ಬಂದದ್ದು, ನನಗಿಂತ ಅವಳಿಗೆ ಹತ್ತಿರದ್ದು. ಅದರ ಗೇಣುದ್ದದ ಒಂದು ತುಂಡು, ಎರಡೂ ತುದಿಗೆ ಕೊಕ್ಕೆಯಿರುವಂಥದ್ದು, ನಡುವೆ ಮುರಿದು ಮಗ್ಗ ನಿಂತಿತು. "ಈ ಮಾಡೆಲ್ ಸ್ಪೇರು ಎಲ್ಲೂ ಸಿಗಲ್ಲಮ್ಮ, ಗುಜರಿಗೆ ಹಾಕ್ಬಿಡಿ" ಎಂದ ಮೆಕ್ಯಾನಿಕ್. ಅವಳು ಅಂದು ಊಟ ಮಾಡಲಿಲ್ಲ. ನೋಡಲಾರದೆ, "ನಾನೇ ಎರಕ ಹೊಯ್ದು ಕೊಡ್ತೀನಿ" ಎಂದುಬಿಟ್ಟೆ.

ಹಳೆಯ ಬಣ್ಣದ ಡಬ್ಬದೊಳಗೆ ದಪ್ಪಗೆ ಜೇಡಿಮಣ್ಣು ಮೆತ್ತಿ, ಇದ್ದಿಲು ತುಂಬಿ, ಸೊಸೆ ಬಿಸಾಡಿದ್ದ ಹೇರ್ ಡ್ರೈಯರಿನಿಂದ ಗಾಳಿ ಊದಿದೆ. ನಡುವೆ ಕಬ್ಬಿಣದ ಮೂಸೆ, ಮೂಸೆಯಲ್ಲಿ ಹಳೇ ಕುಕ್ಕರಿನ ಚೂರುಗಳು. ಮುರಿದ ತುಂಡನ್ನು ಅಂಟಿಸಿ, ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಕರಗಿದ್ದನ್ನು ಹೊಯ್ದೆ. ಥಳಥಳಿಸುವ ತುಂಡು ಬಂತು. ಆದರೆ ಒಂದು ಕೊಕ್ಕೆ ಕೂತರೆ ಇನ್ನೊಂದು ಕೂರದು. ಚೂರೇ ಚೂರು ಗಿಡ್ಡ. ಅರ ಉಜ್ಜಿದ್ದು ಹೆಚ್ಚಾಯಿತೇನೋ ಎಂದುಕೊಂಡೆ. ಅಂಟಿಸಿದ್ದಕ್ಕಿಂತ ಹೊಸದೇ ಅಂದವಾಗಿದೆಯೆಂದು ಅದನ್ನೇ ಮಾದರಿಯಾಗಿಟ್ಟು ಮತ್ತೆ ಹೊಯ್ದೆ. ಇನ್ನೂ ಗಿಡ್ಡ. ಮೂರನೆಯದು ಅದರ ತಮ್ಮ.

'ಮಗ ಅಪ್ಪನನ್ನೇ ಎರಕ ಹೊಯ್ದ ಹಾಗಿದ್ದಾನೆ' ಎನ್ನುತ್ತಾರಲ್ಲ, ಅವರು ಒಮ್ಮೆಯೂ ಎರಕ ಹೊಯ್ದಿರಲಾರರು. ನನ್ನ ಅನುಭವದಲ್ಲಿ ಮೊಮ್ಮಗನ ಹೊತ್ತಿಗೆ ವಂಶವೇ ಕುಳ್ಳಾಗಿರುತ್ತದೆ.

ನನಗೂ ಸೊಂಟ ಬಿದ್ದುಹೋಗಿತ್ತು. "ಸಾಕಾಯ್ತು ಕಣೆ, ಗುಜರಿಯವನನ್ನ ಕರೆಯೋಣ" ಎಂದೆ.

"ಕರೀರಿ. ಜೊತೆಗೆ ನನ್ನನ್ನೂ ತಕ್ಕಡಿಗೆ ಹಾಕಿ ಕಳಿಸ್ಬಿಡಿ" ಎಂದಳು. ಆ ಮಾತು ನನಗೆ ನಿಜಕ್ಕೂ ನೋವುಂಟುಮಾಡಿತು.

ಇದು ಪಕ್ಕದ ಮನೆಯ ಖಾದರ್ ಸಾಬರಿಗೂ ಕೇಳಿಸಿರಬೇಕು. ದಾಬಸ್‌ಪೇಟೆಯ ಎರಕದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಾಂಪೌಂಡಿನ ಮೇಲಿಂದ ಮೂರೂ ತುಂಡು ಇಸಿದುಕೊಂಡು ನೋಡಿ ನಕ್ಕರು. "ಅರೆ ಮೇಷ್ಟ್ರೇ, ತಣಿದ್ಮೇಲೆ ಕುಗ್ಗಲ್ವಾ ಅದು? ಮಾದರಿ ಚೂರು ದೊಡ್ದಾಗಿರ್ಬೇಕು. ಮುರಿದಿರೋ ಜಾಗದಲ್ಲೇ ಭತ್ತದ ಕಾಳಿನಷ್ಟು ಸಂದು ಬಿಟ್ಟು, ಮೇಣ ತುಂಬಿ ಅಂಟಿಸಿ."

ಬಿಸಿಯಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಮೂವತ್ತು ವರ್ಷ ಬೆತ್ತ ಹಿಡಿದು ಮಕ್ಕಳಿಂದ ಹೇಳಿಸಿದ ಪಾಠ. ಬರೆಯದವರಿಗೆ ಸೊನ್ನೆ ಕೊಟ್ಟಿದ್ದೆ. ಅವರೆಲ್ಲರ ಕ್ಷಮೆ ಕೇಳಲು ಈಗ ವಿಳಾಸವಿಲ್ಲ.

ನಾಲ್ಕನೆಯದು ಕೂತಿತು. ಗಿರಿಜೆ ಸ್ವಿಚ್ಚು ಒತ್ತಿದಳು. ಮಗ್ಗ ಒಮ್ಮೆ ಕೆಮ್ಮಿ, ಖಟಖಟ ಶುರುಮಾಡಿತು.

"ಸರಿಯಾಯ್ತೇನೇ?" ಎಂದು ಕೂಗಿದೆ.

"ಏನೂ ಕೇಳಿಸ್ತಿಲ್ಲಾ ರೀ!" ಎಂದಳು, ನೂಲಿನಿಂದ ಕಣ್ಣೆತ್ತದೆ.

ಮೂರು ವಾರ ಒಬ್ಬರ ಮಾತು ಒಬ್ಬರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಆಡಿದ್ದೆಲ್ಲ ಜಗಳ. ನಾನು ಒಳಗೆ ಹೋಗಿ ಮಲಗಿದೆ. ಆ ಗದ್ದಲದಲ್ಲಿ ಎಂಥ ನಿದ್ದೆ ಬಂತು ಅಂತೀರಿ!