ಮಕ್ತುಮ್ ಸಾಬರ ಕಿವಿ

ಆನೆಕೊಂಡದ ಮಕ್ತುಮ್ ಸಾಬರಿಗೆ ಅನ್ನ ಹಾಕಿದ್ದು ರೇಡಿಯೊ ರಿಪೇರಿ. ಹೆಸರು ತಂದುಕೊಟ್ಟಿದ್ದು ಮಾತ್ರ ಸಿ.ಡಿ. ಪ್ಲೇಯರು. ತೊಂಬತ್ತೇಳು, ತೊಂಬತ್ತೆಂಟರ ಹೊತ್ತಿಗೆ ದಾವಣಗೆರೆಯ ಉಳ್ಳವರ ಮನೆಗಳಿಗೆ ಈ ಪ್ಲೇಯರುಗಳು ಒಂದೊಂದೇ ಬರತೊಡಗಿದ್ದವು. ಹೊಸ ಸೆಟ್ಟಿನ ಹೊಟ್ಟೆ ಬಿಚ್ಚಿ, ಕಂಪನಿ ಹಾಕಿದ ಕೆಪಾಸಿಟರು, ಐ.ಸಿ.ಗಳನ್ನು ಕಿತ್ತು, ಬೆಂಗಳೂರಿನಿಂದ ತರಿಸಿದ ದುಬಾರಿ ಮಾಲು ಕೂರಿಸುವುದು ಸಾಬರ ಕಸುಬು.

"ಕಂಪನಿಯವ್ರು ಕಂಜೂಸ್ ರೀ. ಒಳಗೆ ಅಗ್ಗದ ಸಾಮಾನು ಹಾಕಿ ಹೊರಗೆ ಪಾಲಿಶ್ ಹೊಡೀತಾರೆ" ಅನ್ನುವರು. ಬೆಸುಗೆ ಆರುವ ಮೊದಲೇ ಹಾಡು ಹಾಕಿ, ಕಣ್ಣು ಮುಚ್ಚಿ, ತಲೆದೂಗಿ, "ಫರಕ್ ಗೊತ್ತಾಯ್ತಾ?" ಎಂದು ಕೇಳುವರು. ಗೊತ್ತಾಯಿತು ಎಂದವರೇ ಎಲ್ಲ. ಸಾಬರ ಕಿವಿ ಅಂದ್ರೆ ಕಿವಿ ಎಂದು ಊರೆಲ್ಲ ಮಾತಾಯಿತು. ಸಾಬರೂ ಅದನ್ನು ನಂಬಿದರು. ನಂಬದೆ ಏನು ಮಾಡ್ತಾರೆ ಪಾಪ, ಹೊಗಳಿಕೆ ಯಾರಿಗೆ ಕಹಿ?

ಹೀಗಿರುವಾಗ ಒಂದು ಬೆಳಿಗ್ಗೆ ಜವಳಿ ಅಂಗಡಿಯ ಲಿಂಗಣ್ಣ ಹೊಸ ಪ್ಲೇಯರು ಹೊತ್ತುಕೊಂಡು ಬಂದ. ಸಾಬರ ಮನೆಯಲ್ಲಿದ್ದದ್ದೂ ಅದೇ ಕಂಪನಿಯ ಅದೇ ಮಾಡೆಲ್ಲು, ಆದರೆ ಒಳಗೆಲ್ಲ ಬದಲಾಯಿಸಿದ್ದು. ಲಿಂಗಣ್ಣ ಪಕ್ಕಾ ವ್ಯಾಪಾರಿ, ಸುಮ್ಮನೆ ಬಿಚ್ಚಲು ಬಿಡುವ ಆಸಾಮಿಯಲ್ಲ.

"ನಾವು ಕಣ್ಣು ಮುಚ್ಕೊಂಡು ಬಟ್ಟೆ ಮುಟ್ಟಿ, ಇದು ಹತ್ತಿ, ಇದು ಮಿಕ್ಸು ಅಂತ ಹೇಳ್ತೀವಿ. ನೀವೂ ನೋಡ್ದೆ ಕೇಳಿ ಹೇಳ್ರಿ, ಯಾವುದು ನಿಮ್ದು, ಯಾವುದು ನಂದು ಅಂತ. ಹೇಳಿದ್ರೆ ಮಾಡಿಸ್ತೀನಿ, ಇಡೀ ಬಜಾರಿಗೆ ಹೇಳ್ತೀನಿ. ಹೇಳದಿದ್ರೂ ಬಜಾರಿಗೆ ಹೇಳ್ತೀನಿ."

"ಹತ್ತು ಸಲ ಕೇಳ್ರಿ, ಹತ್ತೂ ಸಲ ಹೇಳ್ತೀನಿ!" ಎಂದರು ಸಾಬರು. ಜಂಬ ನೋಡಿ!

ಅಂಗಡಿಗೂ ಮನೆಗೂ ನಡುವೆ ಒಂದು ಪರದೆ. ಎರಡೂ ಪ್ಲೇಯರನ್ನು ಪರದೆಯ ಒಳಗಿಟ್ಟು, ತಂತಿಗಳನ್ನು ಈಚೆಯ ಸ್ಪೀಕರಿಗೆ ಎಳೆದರು. ಒಂದೇ ಹಾಡಿನ ಎರಡು ಡಿಸ್ಕು ಹಾಕಿದ್ದಾಯಿತು. ಮನಸ್ಸಿಗೆ ಬಂದಂತೆ ಸ್ವಿಚ್ಚು ಅದಲುಬದಲು ಮಾಡುವ ಕೆಲಸ ಹೆಂಡತಿ ಹಜೀರಾಬೀಯ ಪಾಲಿಗೆ ಬಂತು.

ಮೊದಲನೆಯದಕ್ಕೆ ಸಾಬರು "ನಂದು" ಎಂದರು. ಸರಿ. ಎರಡನೆಯದು "ಲಿಂಗಣ್ಣಂದು". ಅದೂ ಸರಿ. ನಾಲ್ಕಕ್ಕೆ ನಾಲ್ಕೂ ಸರಿಯಾದಾಗ ಪರದೆಯೊಳಗೆ ಇಣುಕಿ ನೋಡುತ್ತಿದ್ದ ಲಿಂಗಣ್ಣನ ಹುಬ್ಬು ಮೇಲೇರಿತು. ಐದನೆಯ ಸಲ ಬಾಯಿ ತೆರೆಯುವಾಗ ಸಾಬರಿಗೆ ಒಂದು ವಿಷಯ ಹೊಳೆಯಿತು. ತಮ್ಮ ಸೆಟ್ಟು ಹಾಡಿದಾಗಲೆಲ್ಲ ಅದರ ಹಿಂದೆಯೇ ಹಜೀರಾಬೀಯ ಕೈಯ ಗಾಜಿನ ಬಳೆ ಸಣ್ಣಗೆ ಘಲ್ ಎಂದಿತ್ತು. ಲಿಂಗಣ್ಣನದು ಹಾಡಿದಾಗ ಬಳೆ ಸುಮ್ಮನಿತ್ತು. ಇಷ್ಟು ಹೊತ್ತು ತಾವು ಕೇಳಿದ್ದು ಹಾಡನ್ನೋ ಬಳೆಯನ್ನೋ ಎಂದು ಅವರಿಗೇ ತಿಳಿಯದಾಯಿತು.

"ಹಜೀರಾ, ಆ ಬಳೆ ತೆಗೆದಿಡು!"

ಪರದೆ ಸರಕ್ಕನೆ ಸರಿಯಿತು. "ಏನಂದ್ರಿ? ಗಂಡ ಗುಂಡುಕಲ್ಲಿನಂಗೆ ಮುಂದೆ ಕೂತಿರುವಾಗ ನಾನು ಬಳೆ ತೆಗೀಬೇಕಾ? ಯಾವ ಬಾಯಿಂದ ಅಂದ್ರಿ ಅದನ್ನ?"

"ಬಿಡ್ತು ಅನ್ರಿ ಸಾಬ್ರೇ, ಮೊದ್ಲು ಬಿಡ್ತು ಅನ್ರಿ!" ಎಂದು ಲಿಂಗಣ್ಣನೂ ಗಾಬರಿಯಾದ.

"ಬಿಡ್ತು, ಬಿಡ್ತು" ಎಂದು ಸಾಬರು ಗಲ್ಲ ಬಡಿದುಕೊಂಡರು. ಹಜೀರಾಬೀಯ ಸಿಟ್ಟು ಇಳಿಯಲಿಲ್ಲ. "ಈ ಬಳೆ ಇಲ್ದಿದ್ರೆ ನಾಲ್ಕರಾಗೆ ಎರಡಾದ್ರೂ ಸರಿ ಹೇಳ್ತಿದ್ರಾ ನೀವು?"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಲಿಂಗಣ್ಣ ನಗಬಹುದಿತ್ತು, ನಗಲಿಲ್ಲ. ಒಳ್ಳೆಯವನೇ ಅವನು.

ಸಾಬರು ಒಂದು ಟವೆಲ್ಲು ಎತ್ತಿಕೊಟ್ಟರು. "ಬಳೆ ಮೇಲೆ ಇದನ್ನ ಸುತ್ಕೋ. ಮೊದ್ಲಿಂದ ಶುರು ಮಾಡು" ಎಂದರು. ಹತ್ತು ಸಲ ಕೇಳಿದರು. ಕಣ್ಣು ಮುಚ್ಚಿದರು, ತಲೆ ವಾಲಿಸಿದರು, ಹಣೆಯ ಬೆವರು ಒರೆಸಿಕೊಂಡರು. ಸರಿಯಾದದ್ದು ನಾಲ್ಕೇ.

"ಲಿಂಗಣ್ಣಾರೆ, ನಿಮ್ಮ ಸೆಟ್ಟು ಹೆಂಗೈತೋ ಹಂಗೇ ಇರ್ಲಿ. ಬಿಚ್ಚೋದು ಬ್ಯಾಡ. ಬಜಾರಿಗೂ ಹಂಗೇ ಹೇಳ್ರಿ."

ಲಿಂಗಣ್ಣ ಹೋದ ಮೇಲೆ ಹಜೀರಾಬೀ ಟವೆಲ್ಲು ಬಿಚ್ಚುತ್ತಾ ಅತ್ತಳು. "ನೀವು ಸೋಲೋದು ನೋಡೋಕೆ ನನ್ ಕೈಲಾಗ್ಲಿಲ್ಲ."

ಸಾಬರಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ತಮ್ಮ ಮೇಲೆ ಬಂತು. ಮೊಟ್ಟಮೊದಲು ಸೆಟ್ಟು ಬಿಚ್ಚಲು ಕೊಟ್ಟವರು ಹರಿಹರದ ಕೊಟ್ಟೂರಪ್ಪ, ಕಾರ್ಖಾನೆಯಲ್ಲಿ ಲೇತು ತಿರುಗಿಸಿ ನಿವೃತ್ತರಾದವರು. ಮೊದಲು ಅವರ ಮುಂದೆ ತಪ್ಪು ಒಪ್ಪಿಕೊಳ್ಳಬೇಕು ಎಂದು ಮಧ್ಯಾಹ್ನದ ಬಸ್ಸು ಹತ್ತಿದರು.

ಕೊಟ್ಟೂರಪ್ಪ ಜಗುಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಸಾಬರು ನಿಂತೇ ಎಲ್ಲ ಹೇಳಿದರು. ಪರೀಕ್ಷೆ, ಬಳೆ, ಟವೆಲ್ಲು, ಯಾವುದನ್ನೂ ಮುಚ್ಚಿಡಲಿಲ್ಲ.

"ಫರಕ್ ಇಲ್ಲ ಅನ್ನೋದು ನನಗೆ ಅವತ್ತೇ ಗೊತ್ತಾಗಿತ್ತು ಬಿಡ್ರಿ. ಕೂಡ್ರಿ" ಎಂದರು ಕೊಟ್ಟೂರಪ್ಪ.

ಸಾಬರಿಗೆ ಉರಿದುಹೋಯಿತು. "ಮತ್ತೆ ಎರಡು ವರ್ಷ ಯಾಕ ತಲೆ ಆಡಿಸಿದ್ರಿ?"

"ನೀವು ಏನಂದಿದ್ರಿ? ಹೊಸ ಪಾರ್ಟು ಪಳಗಬೇಕು, ತಿಂಗಳಿಗೊಂದು ಸಲ ಬಂದು ಕೇಳ್ತೀನಿ ಅಂದ್ರಿ. ಬಂದ್ರಿ, ಚಾ ಕುಡಿದ್ರಿ, ಹಾಡು ಕೇಳಿದ್ರಿ, ಮಾತಾಡಿದ್ರಿ." ಕೊಟ್ಟೂರಪ್ಪ ಶೇಂಗಾದ ಮೊರ ಮುಂದೆ ತಳ್ಳಿದರು. "ಫರಕ್ ಇಲ್ಲ ಅಂದಿದ್ರೆ ಬರ್ತಿದ್ರಾ?"

ಸಾಬರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು, ಚಪ್ಪಲಿ ಬಿಟ್ಟು ಜಗುಲಿ ಹತ್ತಿ ಕೂತರು. ಒಂದು ಹಿಡಿ ಶೇಂಗಾ ಸುಲಿದು ಹೇಳಿದರು:

"ಪಾರ್ಟು ಇನ್ನೂ ಪೂರಾ ಪಳಗಿಲ್ಲ, ಕೊಟ್ಟೂರಪ್ಪಾರೆ. ಮುಂದಿನ ತಿಂಗಳೂ ಬರಬೇಕಾಗ್ತೈತಿ."